ಒರೆಸಿದ ಉರುಮೆ

ಯುಗಾದಿಗೆ ಒಂದು ವಾರ ಇರುವಾಗ ನಾನು ಮಧುಗಿರಿಯ ಗಾಣದ ಅಂಗಡಿಗೆ ಹೋಗಿ ಕಾಲು ಲೀಟರ್ ಹರಳೆಣ್ಣೆ ತರುತ್ತೇನೆ. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಹೊಟ್ಟೆ ತೊಳಸಿಕೊಂಡು ಬರುತ್ತದೆ. ಸೆರಗನ್ನು ಮೂಗಿಗೆ ಒತ್ತಿಕೊಂಡು ರಸ್ತೆ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಈ ಸಲ ಅಂಗಡಿಯ ಬಸವರಾಜಪ್ಪ ಕೇಳಿಯೇ ಬಿಟ್ಟರು.

“ಅಲ್ಲ ಮೇಡಂ, ಚಿಕ್ಕೋರಿದ್ದಾಗ ಭೇದಿಗೆ ಜಾಸ್ತಿ ಕುಡಿಸ್ಬುಟ್ಟಿದ್ರಾ ಹೆಂಗೆ? ಇಷ್ಟು ಹೇಸ್ಕೊಳೋರು ವರ್ಷ ವರ್ಷ ಯಾಕ್ ತಗೊಂಡೋಗ್ತೀರಿ?”

“ಒಬ್ಬರಿಗೆ ಕೊಡೋದಿದೆ” ಅಂದೆ. ನಿಜ ಹೇಳಬೇಕಾದರೆ ಒಂದು ಮಾರ್ಚ್ ತಿಂಗಳನ್ನು ಪೂರ್ತಿ ಹೇಳಬೇಕಾಗುತ್ತಿತ್ತು. ನನ್ನ ಹಿಂದೆ ಕಡಲೆಕಾಯಿ ಎಣ್ಣೆಗೆ ನಾಲ್ಕು ಜನ ನಿಂತಿದ್ದರು.

ಈಗ ನಾನು ಕೊರಟಗೆರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಆ ಮಾರ್ಚ್‌ನಲ್ಲಿ ಎಂಎಸ್ಸಿ ಮುಗಿಸಿ ಎರಡು ವರ್ಷವಾಗಿತ್ತು. ಅಪ್ಪನ ರಾಗಿ ಮಂಡಿಯ ಚೀಲಗಳ ನಡುವೆ ಕೂತು ಅರ್ಜಿ ಹಾಕುವುದು, ಬಂದ ನೆಂಟರಿಗೆಲ್ಲ “ಇನ್ನೂ ನೋಡ್ತಾ ಇದೀನಿ” ಅನ್ನುವುದು, ಇವೆರಡೇ ನನ್ನ ಕೆಲಸ. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಬ್ಬ ಪ್ರೊಫೆಸರು ಬಸ್ ನಿಲ್ದಾಣದ ಹಿಂದೆ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ಪ್ರಯೋಗಾಲಯ ತೆರೆದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳೆಯ ವಾದ್ಯಗಳನ್ನು ಹುಡುಕಿ, ಅವುಗಳ ನಾದವನ್ನು ಅಳೆದು, ಆ ಪರಂಪರೆಯನ್ನು ಉಳಿಸುವ ಸಂಶೋಧನೆ ಅದು. ಯೋಜನೆಯ ಹೆಸರು ಎಷ್ಟು ಉದ್ದವಿತ್ತೆಂದರೆ ಬೋರ್ಡು ಬಾಗಿಲಿಗಿಂತ ಅಗಲವಾಗಿ, ಅರ್ಧ ಪಕ್ಕದ ಸೈಕಲ್ ಶಾಪಿನ ಗೋಡೆಯ ಮೇಲೆ ಕೂತಿತ್ತು. ನಾನು ಸಂಶೋಧನಾ ಸಹಾಯಕಿಯಾದೆ. ಅಮ್ಮ ಕೇರಿಗೆಲ್ಲ ಸಕ್ಕರೆ ಹಂಚಿದಳು.

ಹಣ ಮಂಜೂರಾಗಿ ವರ್ಷವಾಗಿದ್ದರೂ ಕೈಗೆ ಬಂದದ್ದು ಸಂಕ್ರಾಂತಿಯ ಮೇಲೆ. ಮಾರ್ಚ್ ಮುಗಿಯುವುದರೊಳಗೆ ಬಳಸಬೇಕು, ಇಲ್ಲವೇ ವಾಪಸ್. ತಲೆತಲಾಂತರದ ಪರಂಪರೆಯನ್ನು ಎರಡೂವರೆ ತಿಂಗಳಲ್ಲಿ ಉಳಿಸಿ ಮುಗಿಸಬೇಕಾಗಿತ್ತು. ಮೊದಲು ಸೋಫಾ ಬಂತು. ಆಮೇಲೆ ಎ.ಸಿ. ಬಂತು. ಆಮೇಲೆ ಬೋರ್ಡು. ಮೈಕ್ರೋಫೋನು ಬಂದದ್ದು ಎಲ್ಲಕ್ಕಿಂತ ಕೊನೆಗೆ, ಅದನ್ನು ನಿಲ್ಲಿಸುವ ಸ್ಟ್ಯಾಂಡು ಬರಲೇ ಇಲ್ಲ. ಹಿಂದಿನ ಕೋಣೆಯ ಗೋಡೆಗೆ ಕಂಬಳಿ ಹೊಡೆದು, ಅದರ ಮೇಲೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ, ಅದನ್ನೇ ನಿಶ್ಶಬ್ದ ಕೋಣೆ ಎಂದು ಕರೆದೆವು. ಎದುರಿನ ಏಕಶಿಲಾ ಬೆಟ್ಟ ಹಗಲೆಲ್ಲ ಕಾದು ಸಂಜೆ ಊರಿನ ಮೇಲೆ ಝಳ ಬಿಡುತ್ತಿತ್ತು. ಆ ಕೋಣೆಯೊಳಗೆ ಬೆವರು ಸುರಿಸುತ್ತಾ ನಾನು ವಾದ್ಯಗಳ ಫಾರಂ ತುಂಬುತ್ತಿದ್ದೆ. ವಾದ್ಯದ ಉದ್ದ, ಸುತ್ತಳತೆ, ತೂಕ, ಮರದ ಜಾತಿ, ಚರ್ಮದ ಜಾತಿ, ಸ್ಥಿತಿ. ಫಾರಂನಲ್ಲಿ ಎಲ್ಲದಕ್ಕೂ ಒಂದೊಂದು ಚೌಕ ಇತ್ತು.

ಉರುಮೆ ಸಿಕ್ಕಿದ್ದು ಪಾವಗಡ ತಾಲ್ಲೂಕಿನಲ್ಲಿ, ವಳ್ಳೂರಿನಿಂದ ಸ್ವಲ್ಪ ಆಚೆಯ ಒಂದು ಊರಿನಲ್ಲಿ. ಸುತ್ತ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು. ಊರಿನ ಹೊಲವೆಲ್ಲ ಗುತ್ತಿಗೆಗೆ ಹೋಗಿದ್ದರೂ ದೇವರ ಗುಡಿಯ ಹಿಂದೆ ಒಂದು ತುಂಡು ನೆಲವನ್ನು ಊರವರು ಬಿಟ್ಟುಕೊಂಡಿದ್ದರು. ಯುಗಾದಿಯ ದಿನ ಅಲ್ಲಿ ಹೊನ್ನಾರು ಕಟ್ಟುತ್ತಾರೆ. ವರ್ಷದ ಮೊದಲ ಉಳುಮೆ ಅದು. ಎತ್ತುಗಳ ಮುಂದೆ ಉರುಮೆ ಕೂಗಬೇಕು, ಆಮೇಲೇ ನೇಗಿಲು ನೆಲ ಮುಟ್ಟಬೇಕು. ಆ ಉರುಮೆ ಈರಣ್ಣನ ಮನೆಯದು. ಅವನು ನಲವತ್ತೈದರ ಗಟ್ಟಿ ಆಳು. ಬೆಳಿಗ್ಗೆ ಎದ್ದು ಸೋಲಾರ್ ಫಲಕಗಳ ಧೂಳು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದ.

ಉರುಮೆ ನಡು ಸಣ್ಣಗಿರುವ, ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ. ಒಂದು ಬದಿಯ ಚರ್ಮವನ್ನು ಕಡ್ಡಿಯಿಂದ ಬಡಿಯುತ್ತಾರೆ, ಇನ್ನೊಂದು ಬದಿಯನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಆ ಉಜ್ಜುವ ಚರ್ಮದ ನಡುವೆ ಕಪ್ಪಗೆ, ದಪ್ಪಗೆ ಒಂದು ಪಟ್ಟೆ ಇತ್ತು. ಈರಣ್ಣ ಅದರ ಮೇಲೆ ಕೋಲು ಒತ್ತಿ ಎಳೆದ. ಕರು ಕಳಕೊಂಡ ಹಸು ದೂರದ ದಿನ್ನೆಯಿಂದ ಕೂಗಿದ ಹಾಗೆ ಕೇಳಿಸಿತು. ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆ ಮೇಯುವುದನ್ನು ಬಿಟ್ಟು ತಲೆ ಎತ್ತಿತು. ನನ್ನ ಕೈಯ ಮೇಲೆ ರೋಮ ನಿಂತವು. ಅಲ್ಲೇ ಅಂಗಳದಲ್ಲಿ ರೆಕಾರ್ಡ್ ಮಾಡಿಕೊಂಡೆವು.

“ಇದನ್ನ ಲ್ಯಾಬಿಗೆ ತರಿಸಲೇಬೇಕು” ಅಂದರು ನಮ್ಮ ಪ್ರೊಫೆಸರ್ ಸರ್. “ಮಾತಾಡಿ ಒಪ್ಪಿಸಿ, ಶೈಲಾ. ನಿಮ್ಮ ಕಡೆಯ ಜನ ತಾನೇ?”

ಉರುಮೆಯ ಯಜಮಾನಿಕೆ ಈರಣ್ಣನದಲ್ಲ, ಅವನ ತಾಯಿ ತಿಪ್ಪಕ್ಕನದು. ವರ್ಷಕ್ಕೊಮ್ಮೆ, ಹೊನ್ನಾರಿನ ಹಿಂದಿನ ದಿನ, ಆಕೆ ಹರಳೆಣ್ಣೆಯನ್ನು ಮಂದವಾಗುವ ತನಕ ಕಾಯಿಸಿ, ಹೆಬ್ಬೆಟ್ಟಿನಿಂದ ಚರ್ಮದ ಮೇಲೆ ಒಂದು ಗೆರೆ ಎಳೆಯುತ್ತಿದ್ದಳು. ವರ್ಷಕ್ಕೆ ಒಂದೇ ಗೆರೆ. ಆಕೆಗೆ ಮುಂಚೆ ಆಕೆಯ ಅತ್ತೆ ಎಳೆದಿದ್ದಳು, ಅದಕ್ಕೂ ಮುಂಚೆ ಆ ಅತ್ತೆಯ ಅತ್ತೆ. ಹಳೆಯದರ ಮೇಲೆ ಹೊಸದು ಕೂತು ಕೂತು ಆ ಪಟ್ಟೆಯಾಗಿತ್ತು. ಉರುಮೆ ಊರು ಬಿಟ್ಟು ಹೋಗಿದ್ದೇ ಇಲ್ಲ ಎಂದು ತಿಪ್ಪಕ್ಕ ಹಟ ಹಿಡಿದಳು. ನಾನು ಅವಳ ಪಕ್ಕ ಕೂತು, ಅವಳು ಕೊಟ್ಟ ಮಜ್ಜಿಗೆ ಕುಡಿದು, ಅವಳ ಮೊಮ್ಮಗಳ ಮದುವೆ ಮಾತು ಕೇಳಿ, ಒಂದು ಗಂಟೆ ಬೆಣ್ಣೆ ಹಚ್ಚಿದೆ. ಈಗ ಆ ನಯವಾದ ಮಾತುಗಳನ್ನು ನೆನೆದರೆ ನಾಲಿಗೆ ಕಹಿಯಾಗುತ್ತದೆ.

“ಹತ್ತೇ ದಿನ, ತಿಪ್ಪಕ್ಕ. ಹಬ್ಬಕ್ಕೆ ಮುಂಚೆ ನಾನೇ ತಂದು ನಿಮ್ಮ ಕೈಲಿ ಕೊಡ್ತೀನಿ.”

“ಸರೇ ಬುಡು. ನಿನ್ನ ಮಕ ನೋಡ್ಕಂಡು ಕಳಿಸ್ತಾ ಇವ್ನಿ” ಅಂದಳು ಆಕೆ. “ಒಂದ್ ಮಾತು. ಅದ್ರ ಮೈ ಒರ್ಸ್‌ಬ್ಯಾಡ ಕಣಮ್ಮ. ಒರ್ಸಿದ್ರೆ ಅವ್ವ ಮಾತಾಡಲ್ಲ.”

ನಾನು ಭಕ್ತಿಯಿಂದ ತಲೆಯಾಡಿಸಿದೆ. ಸ್ಟ್ಯಾಂಪ್ ಪ್ಯಾಡ್ ತೆರೆದು ಒಪ್ಪಿಗೆ ಪತ್ರದ ಮೇಲೆ ಅದೇ ಹೆಬ್ಬೆಟ್ಟನ್ನು ಒತ್ತಿಸಿಕೊಂಡೆ. ಆಕೆ ಹೇಳಿದ ಮಾತನ್ನು ಮಾತ್ರ ಎಲ್ಲೂ ಬರೆದುಕೊಳ್ಳಲಿಲ್ಲ. ಫಾರಂನಲ್ಲಿ ಅದಕ್ಕೆ ಚೌಕ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದುಂಟು. ಅದು ಸುಳ್ಳು. ನಾನು ಅದನ್ನು ಮಡಿ, ಮೈಲಿಗೆಯ ಮಾತು ಅಂದುಕೊಂಡೆ. ಘರ್ಷಣೆ, ಕಂಪನ ಎಂದೆಲ್ಲ ಐದು ವರ್ಷ ಓದಿ ಚಿನ್ನದ ಪದಕ ತಂದವಳಿಗೆ ಎದುರಿಗೆ ಕೂತ ಹೆಂಗಸು, ಕೋಲನ್ನು ಹಿಡಿಯುವ ಅಂಟು ಹೋದರೆ ಕೂಗೂ ಹೋಗುತ್ತದೆ ಎಂದು, ಘರ್ಷಣೆಯ ಪಾಠ ಹೇಳುತ್ತಿದ್ದಾಳೆ ಎಂದು ಹೊಳೆಯಲಿಲ್ಲ. ಅವಳು ಉರುಮೆಯನ್ನು ‘ಅವ್ವ’ ಅಂದಳಲ್ಲ, ಅಷ್ಟಕ್ಕೇ ಕಿವಿ ಮುಚ್ಚಿಕೊಂಡೆ.

ಮಾರ್ಚ್ ಕೊನೆಯ ವಾರ ಹಣ ಕೊಟ್ಟ ಕಡೆಯಿಂದ ಮೂವರು ತಜ್ಞರು ಪರಿಶೀಲನೆಗೆ ಬರುವುದೆಂದು ಫೋನು ಬಂತು. ಅವರು ಮೆಚ್ಚಿದರೆ ಯೋಜನೆ ಇನ್ನೆರಡು ವರ್ಷ ಮುಂದುವರಿಯುತ್ತದೆ. ಸರ್ ಅಂದಿನಿಂದ ಮನುಷ್ಯರಾಗಿ ಉಳಿಯಲಿಲ್ಲ. ಊಟಕ್ಕೆ ಯಾವ ಹೋಟೆಲು, ಹಾರ ಯಾವ ಹೂವಿನದು, ಬ್ಯಾನರಿನಲ್ಲಿ ಯಾರ ಫೋಟೋ ಎಷ್ಟು ದೊಡ್ಡದು, ಇದೇ ಸಂಶೋಧನೆ. ಹಿಂದಿನ ದಿನ ಮಧ್ಯಾಹ್ನ ವಾದ್ಯಗಳನ್ನು ಸಾಲಾಗಿ ಜೋಡಿಸಿದ ಮೇಜಿನ ಹತ್ತಿರ ಬಂದವರು ಉರುಮೆಯ ಮುಂದೆ ಮೂಗು ಮುಚ್ಚಿಕೊಂಡರು.

“ಇದೇನ್ರೀ ಹೊಲಸು? ಚರಂಡಿಯಿಂದ ಎತ್ತಿದ ಹಾಗಿದೆ. ಇದರ ಮೇಲೆ ಸೆನ್ಸರ್ ಬೇರೆ ಅಂಟ್ತಾ ಇಲ್ಲ ಅಂದ್ರಿ. ಕ್ಲೀನ್ ಮಾಡಿ.”

“ಅವರು ಒರೆಸಬೇಡಿ ಅಂದಿದ್ರು ಸರ್.”

“ಯಾಕಂತೆ?”

ಅಲ್ಲಿ ನಾನು ಉತ್ತರ ಕೊಡಬಹುದಾಗಿತ್ತು. ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. “ಏನೋ ಅವರ ನಂಬಿಕೆ ಸರ್” ಅಂದೆ, ಮತ್ತು ನಕ್ಕೆ. ಆ ನಗುವಿಗೆ ನನಗೆ ಕ್ಷಮೆ ಇಲ್ಲ.

ಸ್ಪಿರಿಟ್ಟಿನ ಬಾಟಲಿ ಮತ್ತು ಹತ್ತಿಯ ಉಂಡೆ ತೆಗೆದುಕೊಂಡು ಕೂತೆ. ಮೊದಲ ಪದರ ಬೇಗ ಬಂತು, ಒಳಗಿನದು ಬರಲಿಲ್ಲ. ಉಗುರಿನಿಂದ ಕೆರೆದೆ. ಒಳಗೆ ಹೋದ ಹಾಗೆ ಗೆರೆಗಳು ಕಾಣಿಸಿದವು, ಒಂದು ಹೆಬ್ಬೆಟ್ಟಿನ ಅಗಲಕ್ಕೆ ಇನ್ನೊಂದರ ಅಗಲ ಹೊಂದುತ್ತಿರಲಿಲ್ಲ. ನೋಡಿದೆ, ನೋಡಿಯೂ ಕೆರೆದೆ. ಮೊಟ್ಟೆ ಟ್ರೇಗಳ ಆ ಕೋಣೆಯಲ್ಲಿ ಹಳೆಯ ಹರಳೆಣ್ಣೆ ಮತ್ತು ಸ್ಪಿರಿಟ್ ಬೆರೆತ ವಾಸನೆ ತುಂಬಿಕೊಂಡಿತು. ಎರಡು ಗಂಟೆಯಲ್ಲಿ ಚರ್ಮ ಹಪ್ಪಳದ ಹಾಗೆ ಬೆಳ್ಳಗಾಯಿತು. ಕಪ್ಪಾದ ಹತ್ತಿಯನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಹಾಕಿದೆ. ಉಗುರಿನ ಸಂದಿಯ ಕಪ್ಪು ಮಾತ್ರ ಸೋಪಿಗೆ ಬಗ್ಗಲಿಲ್ಲ.

ಮರುದಿನ ತಜ್ಞರು ಬಂದರು, ಹಾರ ಹಾಕಿಸಿಕೊಂಡರು, ಎ.ಸಿ. ಹಾಕಿಸಿಕೊಂಡು ಸೋಫಾದಲ್ಲಿ ಕೂತರು. ಈರಣ್ಣ ಕೆಲಸಕ್ಕೆ ರಜೆ ಹಾಕಿ, ಬಿಳಿ ಅಂಗಿ ತೊಟ್ಟು, ಮೊದಲ ಬಸ್ಸಿಗೇ ಬಂದು ಬಾಗಿಲ ಹತ್ತಿರ ನಿಂತಿದ್ದ. ಸರ್ ಅವನ ಹೆಗಲಿಗೆ ಉರುಮೆ ಹಾಕಿದರು. ಅವನು ಕೋಲು ಎತ್ತಿದವನು ಚರ್ಮ ನೋಡಿ ಹಾಗೇ ನಿಂತ. ಬಗ್ಗಿ ಮೂಸಿದ. ಆಮೇಲೆ ಕೋಲು ಎಳೆದ. ಕರಕರ ಎಂದು ಒಣ ಸದ್ದು ಬಂತು, ಅಷ್ಟೇ. ಮತ್ತೆ ಎಳೆದ. ಅದೇ ಸದ್ದು.

“ಇದಿ ಮನದಿ ಕಾದು” ಅಂದ ತನ್ನಷ್ಟಕ್ಕೆ, ತೆಲುಗಿನಲ್ಲಿ. ಇದು ನಮ್ಮದಲ್ಲ ಎಂದು. ಆಮೇಲೆ ನನ್ನ ಕಡೆ ತಿರುಗಿದ. “ಮೇಡಮ್ಮ, ನಮ್ ಉರುಮೆ ಎಲ್ಲಿ? ಯಾರ್ದೋ ಅದ್ಲು ಬದ್ಲು ಆಗ್ಬುಟ್ಟದೆ ನೋಡಿ.”

“ಸ್ವಲ್ಪ ಒತ್ತಿ ಬಾರಿಸಪ್ಪಾ” ಅಂದರು ಸರ್, ಮೂವರ ಕಡೆ ನಗುತ್ತಾ. ಈರಣ್ಣ ತಲೆಯಾಡಿಸಿದ. “ಎಣ್ಣೆ ಇಲ್ದೆ ಹೆಂಗೆ ಒತ್ಲಿ ಸಾ?” ಅಂದ. “ಎಣ್ಣೆ ತಾನೇ?” ಎಂದು ಸರ್ ಎದುರಿನ ಔಷಧಿ ಅಂಗಡಿಯಿಂದ ಹರಳೆಣ್ಣೆ ಸೀಸೆ ತರಿಸಿ, ತಜ್ಞರ ಮುಂದೆ ತಾವೇ ಆ ಚರ್ಮದ ಮೇಲೆ ಸುರಿದರು. ನೀರಿನಂಥ ತಿಳಿ ಎಣ್ಣೆ ಚರ್ಮ, ಕೋಲು, ಈರಣ್ಣನ ಬಿಳಿ ಅಂಗಿಯ ಮೇಲೆಲ್ಲ ಇಳಿಯಿತು. ಕೋಲು ಜಾರಿತು. ಕರಕರ ಸದ್ದೂ ನಿಂತಿತು. ತಜ್ಞರಲ್ಲಿ ಒಬ್ಬರು ಕೆಮ್ಮಿ, “ಇವರಿಗೆ ಅಭ್ಯಾಸ ತಪ್ಪಿರಬೇಕು, ಅದಕ್ಕೇ ಡಾಕ್ಯುಮೆಂಟೇಶನ್ ಮುಖ್ಯ” ಅಂದರು. ಎಲ್ಲರೂ ಹೌದು ಹೌದು ಎಂದು ಊಟಕ್ಕೆ ಎದ್ದರು. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಆಮೇಲೆ ಬಾಯಿ ತೊಳೆದು, ತಜ್ಞರಿಗೆ ಹೋಳಿಗೆ ಬಡಿಸಲು ಹೋದೆ. ಹೋದೆ ಎನ್ನುವುದನ್ನೂ ಬರೆಯಬೇಕು.

ಸಂಜೆ ಜೀಪಿನಲ್ಲಿ ಉರುಮೆಯನ್ನೂ ಈರಣ್ಣನನ್ನೂ ಕೂರಿಸಿಕೊಂಡು ಹೊರಟೆ. ಮಿಡಿಗೇಶಿ ದಾಟುವವರೆಗೂ ಅವನು ಅಂಗಿಯ ಮೇಲಿನ ಎಣ್ಣೆಯ ಕಲೆ ನೋಡಿಕೊಳ್ಳುತ್ತಿದ್ದ. ಆಮೇಲೆ, “ದಿನಾ ಸಾವಿರ ಫಲಕ ಒರಸ್ತೀನಿ ಮೇಡಮ್ಮ, ಏನ್ ಒರಸ್ಬೇಕು ಏನ್ ಒರಸ್ಬಾರ್ದು ಅಂತ ನನ್ನಂತೋನಿಗೆ ಗೊತ್ತು” ಅಂದ. ಬೈಯುವ ಧ್ವನಿಯೇ ಅಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ತಿಪ್ಪಕ್ಕ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದಳು. ಉರುಮೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚರ್ಮದ ನಡುವೆ ಹೆಬ್ಬೆಟ್ಟು ಆಡಿಸಿದಳು. ಒಂದು ಸಲ ಮೇಲಿನಿಂದ ಕೆಳಕ್ಕೆ, ಒಂದು ಸಲ ಕೆಳಗಿನಿಂದ ಮೇಲಕ್ಕೆ.

“ಯಾರಮ್ಮ ಒರ್ಸಿದ್ದು?”

“ಕಸ ಗುಡಿಸೋರು” ಅಂದೆ. “ಕೆಲಸದವರು. ಅವರಿಗೆ ಗೊತ್ತಿರಲಿಲ್ಲ.”

ಆಕೆ ನನ್ನ ಕೈ ನೋಡಿದಳು. “ಪಾಪ, ಅವರ್ನ ಬೈಬ್ಯಾಡ್ರಿ” ಅಂದಳು. “ನೀನು ಹೇಳಿದ್ಯೋ ಇಲ್ವೋ ಅವರ್‌ಗೆ?”

“ಹೇಳಿದ್ದೆ” ಅಂದೆ.

ಅಷ್ಟಕ್ಕೇ ನಿಂತಿದ್ದರೂ ಆಗಿತ್ತು. ಸರ್‌ಗೆ ಹೊನ್ನಾರಿನ ವಿಡಿಯೊ ಬೇಕಿತ್ತು. ಆ ವರ್ಷ ಯುಗಾದಿ ಏಪ್ರಿಲ್‌ಗೆ ಬಿದ್ದಿತ್ತು. ಹಬ್ಬದ ಬೆಳಿಗ್ಗೆ ಕ್ಯಾಮೆರಾ ಸಮೇತ ಹೋದೆವು. ತಿಪ್ಪಕ್ಕ ಹಿಂದಿನ ದಿನ ಎಣ್ಣೆ ಕಾಯಿಸಿ ಒಂದು ಗೆರೆ ಎಳೆದಿದ್ದಳು. ಒಂದು ಗೆರೆಯ ಮೇಲೆ ಕೋಲು ಎಳೆದರೆ ಮುಲುಕಿದಷ್ಟು ಸದ್ದು ಬರುತ್ತಿತ್ತು, ಹತ್ತು ಹೆಜ್ಜೆ ಆಚೆಗೆ ಕೇಳುತ್ತಿರಲಿಲ್ಲ. ಎತ್ತು ಹೂಡಿ, ಅರಿಶಿನ ಹಚ್ಚಿ, ಊರು ಸುತ್ತ ನಿಂತು ಕಾಯುತ್ತಿತ್ತು. ಸರ್ ಊರ ಗೌಡರನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಆಮೇಲೆ ಜೀಪಿನಿಂದ ಒಂದು ಸ್ಪೀಕರ್ ತರಿಸಿ, ನಾವು ಮೊದಲ ದಿನ ಅದೇ ಅಂಗಳದಲ್ಲಿ ಹಿಡಿದ ರೆಕಾರ್ಡನ್ನು ಹಾಕಲು ನನಗೆ ಹೇಳಿದರು. ಗುಂಡಿ ಒತ್ತಿದ್ದು ನಾನೇ.

ಉರುಮೆ ಕೂಗಿತು. ಅದೇ ಹಸು, ಅದೇ ದಿನ್ನೆ. ಕ್ಯಾಮೆರಾಕ್ಕೆ ಬೇಕೆಂದು ಈರಣ್ಣ ಎತ್ತುಗಳ ಮುಂದೆ ನಿಂತು ಮೂಕ ಉರುಮೆಯ ಮೇಲೆ ಕೋಲು ಆಡಿಸುತ್ತಿದ್ದ. ನಾಲ್ಕು ಹೆಜ್ಜೆ ನಡೆದವನು ಇದ್ದಕ್ಕಿದ್ದಂತೆ ಕೋಲು ಕೆಳಗೆ ಬಿಟ್ಟು, ಎರಡೂ ಕೈ ಇಳಿಸಿ ನಿಂತ. ಉರುಮೆ ಕೂಗುತ್ತಲೇ ಇತ್ತು. ಯಾರೂ ನಗಲಿಲ್ಲ. ತಿಪ್ಪಕ್ಕ ಗುಡಿಯ ಗೋಡೆಯ ಕಡೆ ತಿರುಗಿ ನಿಂತುಕೊಂಡಳು. ಎತ್ತುಗಳು ಈರಣ್ಣನ ಪಕ್ಕದಿಂದ ಹಾದು ಉಳುತ್ತಾ ಹೋದವು. ಈರಣ್ಣ ಕೈ ಇಳಿಸಿದ ಭಾಗವನ್ನು ಕತ್ತರಿಸಿ ಉಳಿದ ವಿಡಿಯೊವನ್ನು ಸರ್ ಆಮೇಲೆ ಎಷ್ಟೋ ಸಭೆಗಳಲ್ಲಿ ತೋರಿಸಿದರು. ಪರಂಪರೆಯ ಸಂರಕ್ಷಣೆ ಎಂದು ಜನ ಚಪ್ಪಾಳೆ ತಟ್ಟಿದರಂತೆ.

ಹೇಸಿಕೆಯ ತುದಿ ಇನ್ನೂ ಇದೆ. ಮೇ ತಿಂಗಳಲ್ಲಿ ವರದಿ ಬರೆಯುವಾಗ ಸರ್ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುರ್ಚಿಯಿಂದ ಎದ್ದೇ ಬಿಟ್ಟರು. ಒರೆಸುವ ಮೊದಲಿನ ನಾದ, ತಜ್ಞರ ಮುಂದೆ ರೆಕಾರ್ಡ್ ಆದ ಒರೆಸಿದ ಮೇಲಿನ ನಾದ. “ಶೈಲಾ, ಇದು ಚಿನ್ನದಂಥ ಡೇಟಾ! ಲೇಪದ ಪಾತ್ರ ಏನು ಅಂತ ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿಲ್ಲ. ಬೇಕೂ ಅಂತ ಮಾಡಿದ್ರೂ ಹೀಗೆ ಬರ್ತಿರಲಿಲ್ಲ.” ನಾವು ಹಾಳು ಮಾಡಿದ್ದೇ ನಮ್ಮ ಸಂಶೋಧನೆಯಾಯಿತು. ಪ್ರಬಂಧದಲ್ಲಿ ‘ಲೇಪವನ್ನು ನಿಯಂತ್ರಿತ ವಿಧಾನದಲ್ಲಿ ತೆಗೆಯಲಾಯಿತು’ ಎಂದು ಒಂದು ವಾಕ್ಯವಿದೆ. ಆ ವಾಕ್ಯ ನಾನು ಬರೆದದ್ದು. ಯೋಜನೆ ಇನ್ನೆರಡು ವರ್ಷ ಮುಂದುವರಿಯಿತು. ಲೇಖಕರ ಸಾಲಿನಲ್ಲಿ ಎರಡನೆಯ ಹೆಸರು ನನ್ನದು. ಕೊರಟಗೆರೆಯ ಕೆಲಸದ ಸಂದರ್ಶನದಲ್ಲಿ ಆ ಪ್ರಬಂಧವನ್ನು ನೋಡಿಯೇ ನನ್ನನ್ನು ತೆಗೆದುಕೊಂಡರು. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆ ಎಂದು ಹಣ ಕೊಟ್ಟವರಿಗೆ, ಜೀಪಿನ ಏಜೆನ್ಸಿಗೆ, ಮನೆಯ ಮಾಲೀಕರಿಗೆ ವಂದನೆಯಿದೆ. ತಿಪ್ಪಕ್ಕನ ಹೆಸರಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಘರ್ಷಣೆಯ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ಉದಾಹರಣೆ ಕೇಳಿದಳು. ಬಾಯಿಗೆ ಉರುಮೆ ಬಂತು. ಬೆಂಕಿಕಡ್ಡಿ ಎಂದು ಹೇಳಿ ಕೂರಿಸಿದೆ. ಆ ಯುಗಾದಿಯ ಹಿಂದಿನ ದಿನ ಗಾಣದ ಎಣ್ಣೆ ಹಿಡಿದುಕೊಂಡು ಪಾವಗಡದ ಬಸ್ ಹತ್ತಿದೆ.

ತಿಪ್ಪಕ್ಕ ಒಲೆಯ ಮುಂದೆ ಕೂತಿದ್ದಳು. ನನ್ನ ಗುರುತು ಹಿಡಿದು, “ಬಾರಮ್ಮ, ಕೂತ್ಕ” ಅಂದಳು, ಏನೂ ಆಗದವಳಂತೆ.

“ಆವತ್ತು ಒರೆಸಿದ್ದು ನಾನೇ, ತಿಪ್ಪಕ್ಕ.”

“ಗೊತ್ತು ಬುಡು. ನಿನ್ನ ಉಗುರ್ ಸಂದೀಲಿ ಇತ್ತಲ್ಲ ನಮ್ಮ ಅತ್ತೆ ಇಕ್ಕಿದ್ ಎಣ್ಣೆ.”

“ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?”

“ನೀನೇ ಹೇಳ್ತೀಯೇನೋ ಅಂತ ನೋಡ್ದೆ. ಹೇಳ್ಲಿಲ್ಲ. ಇನ್ನೇನ್ ಕೇಳಾದು?”

ನಾನು ತಂದ ಎಣ್ಣೆಯನ್ನು ಮೂಸಿ ನೋಡಿ ಬಾಣಲೆಗೆ ಸುರಿದಳು. ಅದು ಕಾಯುತ್ತಾ ಕಾಯುತ್ತಾ ಕಪ್ಪಿಟ್ಟಿತು. ವಾಸನೆ ಏರಿದ ಹಾಗೆ ನನಗೆ ಉಬ್ಬಳಿಕೆ ಬಂತು. ಎದ್ದು ಹೋಗಲು ನೋಡಿದೆ, ಆಕೆ ಬಿಡಲಿಲ್ಲ. ಈರಣ್ಣನ ಕೈಯಲ್ಲಿ ಉರುಮೆ ತರಿಸಿ ನನ್ನ ಮುಂದೆ ಇಟ್ಟಳು. ಚರ್ಮದ ಮೇಲೆ ಆಕೆಯ ಕೆಲವೇ ಗೆರೆಗಳಿದ್ದವು.

“ಇಕ್ಕು” ಅಂದಳು.

“ನಾನಾ? ನಾನು ಈ ಮನೆಯವಳಲ್ಲ, ತಿಪ್ಪಕ್ಕ.”

“ಒರ್ಸೋವಾಗ ಕೇಳಿದ್ಯಾ ಯಾರ್ ಮನೇದು ಅಂತ? ಒರ್ಸಿದ್ ಕೈಲೇ ಇಕ್ಕು.”

ಹೆಬ್ಬೆಟ್ಟನ್ನು ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದೆ. ಹಲ್ಲು ಕಚ್ಚಿ ಹಿಡಿದುಕೊಂಡು ಮೇಲಿನಿಂದ ಕೆಳಕ್ಕೆ ಎಳೆದೆ. ಗೆರೆ ನಡುವೆ ಬಳುಕಿ, ಆಕೆಯ ಗೆರೆಗಳಿಂದ ಆಚೆ ಜಾರಿತು. ಸರಿಮಾಡೋಣ ಎಂದು ಸೆರಗಿನ ಚುಂಗು ಹಿಡಿದು ಕೈ ಮುಂದಕ್ಕೆ ಚಾಚಿದೆ.

ತಿಪ್ಪಕ್ಕ ನನ್ನ ಮಣಿಕಟ್ಟು ಹಿಡಿದಳು.

“ಸೊಟ್ಟ ಆದ್ರೆ ಆಯ್ತು” ಅಂದಳು. “ಒರ್ಸ್‌ಬ್ಯಾಡ.”